ಕೈ ಎತ್ತಲಾರದವನ ಬುಲೆಟ್ಟು

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ಬೈಕಿನಿಂದ ಬಿದ್ದಿಲ್ಲ.

ಇಪ್ಪತ್ತೆರಡು ವರ್ಷದಿಂದ ಬುಲೆಟ್ ಓಡಿಸುತ್ತಿದ್ದೇನೆ. ಆಗುಂಬೆ ಘಾಟಿಯ 14 ತಿರುವುಗಳನ್ನು ಮಂಜಿನಲ್ಲಿ ಇಳಿದಿದ್ದೇನೆ, ಮಳೆಯಲ್ಲಿ ಇಳಿದಿದ್ದೇನೆ. ಒಂದು ಸಲ ಹೆಡ್‌ಲೈಟ್ ಕೈಕೊಟ್ಟಾಗ ಮುಂದೆ ಹೋಗುತ್ತಿದ್ದ ಬಸ್ಸಿನ ಕೆಂಪು ದೀಪವನ್ನೇ ನಂಬಿಕೊಂಡು ಸೋಮೇಶ್ವರ ಮುಟ್ಟಿದ್ದೇನೆ. ಆಗೆಲ್ಲ ಬೀಳದವನು ಬಿದ್ದಿದ್ದು ನಮ್ಮನೆ ಅಂಗಳದಲ್ಲಿ. ಹವಾಯಿ ಚಪ್ಪಲಿ ಹಾಕಿಕೊಂಡು, ಗಂಟೆಗೆ ಎರಡು ಕಿಲೋಮೀಟರ್ ವೇಗದಲ್ಲಿ.

ಆಗಸ್ಟ್ ತಿಂಗಳು. ಮಲೆನಾಡಿನ ಅಂಗಳ ಆಗಸ್ಟಿನಲ್ಲಿ ಹೇಗಿರುತ್ತದೆ ಅಂತ ಗೊತ್ತಿದ್ದವರಿಗೆ ಗೊತ್ತು. ಸಿಮೆಂಟ್ ಹಾಕಿಸಿದ್ದರೂ ಅಷ್ಟೇ, ಪಾಚಿ ಕಟ್ಟಿ ಹಸಿರು ಬೆಣ್ಣೆ ಸವರಿದ ಹಾಗಾಗಿರುತ್ತದೆ. "ಸುಣ್ಣ ಹಾಕಿ ಉಜ್ಜಿಸಿ" ಅಂತ ಹೆಂಡತಿ ಜೂನ್‌ನಿಂದ ಹೇಳುತ್ತಿದ್ದಳು. ಮಳೆ ಸ್ವಲ್ಪ ಹೊಳವು ಕೊಡಲಿ ಅಂತ ನಾನು. ಮಳೆ ಕೊಡಲಿಲ್ಲ. ಒಂದು ರಾತ್ರಿ ಜೋರು ಗಾಳಿ ಎದ್ದಿತು. ಕೊಟ್ಟಿಗೆ ಪಕ್ಕ ನಿಲ್ಲಿಸಿದ್ದ ಬುಲೆಟ್ಟಿಗೆ ಹೊದಿಸಿದ ಪ್ಲಾಸ್ಟಿಕ್ ಹಾರಿಹೋಯಿತೋ ಏನೋ ನೋಡೋಣ ಅಂತ ಟಾರ್ಚ್ ಹಿಡಿದು ಹೊರಟೆ. ಮೂರನೇ ಹೆಜ್ಜೆಗೆ ಕಾಲು ಮುಂದೆ ಹೋಯಿತು, ನಾನು ಹಿಂದೆ ಉಳಿದೆ. ಎಡಗೈ ಊರಿದೆ. ಹೆಗಲೊಳಗೆ ಹಸಿ ಸೋಗೆ ಸೀಳಿದ ಹಾಗೆ ಚರ್ ಅಂದಿತು. ಟಾರ್ಚ್ ಮಾತ್ರ ಆರಲಿಲ್ಲ. ಪ್ಲಾಸ್ಟಿಕ್ ಇದ್ದಲ್ಲೇ ಇದೆ ಅನ್ನುವುದನ್ನು ಅದು ನನಗೆ ನೆಲದ ಮೇಲಿಂದಲೇ ತೋರಿಸಿತು.

ಬೆಳಗಾಗುವಷ್ಟರಲ್ಲಿ ಊರೆಲ್ಲ ಸುದ್ದಿ. "ಎಂತ ಮಾರಾಯ, ಬುಲೆಟ್ಟಿಂದ ಬಿದ್ಯಂತೆ?" ಇಲ್ಲ, ಅಂಗಳದಲ್ಲಿ ಜಾರಿದ್ದು ಅಂದರೆ ಒಂದು ಸಣ್ಣ ನಗು ನಕ್ಕು, "ಆಯ್ತು ಬಿಡು, ಯಾರಿಗೂ ಹೇಳಲ್ಲ" ಅನ್ನುತ್ತಿದ್ದರು. ಮನೆಯಲ್ಲಾದರೂ ನ್ಯಾಯ ಸಿಗುತ್ತದೆ ಅಂದುಕೊಂಡರೆ ಅಮ್ಮ, "ಬುಲೆಟ್ ಇಲ್ದೇ ಇದ್ರೆ ನೀನು ಆ ಹೊತ್ತಲ್ಲಿ ಹೊರಗೆ ಹೋಗ್ತಿದ್ಯಾ?" ಅಂದಳು. ಈ ವಾದಕ್ಕೆ ನನ್ನ ಹತ್ತಿರ ಇವತ್ತಿಗೂ ಉತ್ತರವಿಲ್ಲ.

ಶಿವಮೊಗ್ಗದಲ್ಲಿ ಎಂಆರ್‌ಐ ಮಾಡಿಸಿದೆವು. ಡಾಕ್ಟರು ಒಳ್ಳೆಯವರು, ನನಗೆ ತಿಳಿಯುವ ಹಾಗೆ ಹೇಳಿದರು. ಹೆಗಲಿನ ಕೀಲು ಸೊಂಟದ ಕೀಲಿನ ಹಾಗೆ ಆಳವಾದ ಗುಂಡಿಯಲ್ಲಿ ಕೂತಿರುವುದಿಲ್ಲವಂತೆ. ಚಿಕ್ಕ ತಟ್ಟೆಯ ಮೇಲೆ ದೊಡ್ಡ ಚೆಂಡು ಇಟ್ಟ ಹಾಗೆ. ಚೆಂಡು ಉರುಳದಂತೆ ಸುತ್ತ ನಾಲ್ಕು ಸ್ನಾಯುಗಳು ಹಿಡಿದುಕೊಂಡಿರುತ್ತವೆ, ಅದಕ್ಕೆ ರೊಟೇಟರ್ ಕಫ್ ಅಂತ ಹೆಸರು. ನಾಲ್ಕರಲ್ಲಿ ಮೇಲುಗಡೆಯದು, ಅಂದರೆ ಕೈ ಎತ್ತುವ ಕೆಲಸಕ್ಕೆ ಮೊದಲು ಏಳುವುದು, ನನ್ನಲ್ಲಿ ಮೂಳೆಯಿಂದ ಕಿತ್ತು ಬಂದಿತ್ತು. ಸಣ್ಣ ತೂತು ಮಾಡಿ, ಕ್ಯಾಮೆರಾ ತೂರಿಸಿ, ಮೂಳೆಗೆ ಆಂಕರ್ ಅನ್ನುವ ಪುಟ್ಟ ಮೊಳೆ ಹೊಡೆದು, ಅದರ ದಾರದಿಂದ ಸ್ನಾಯುವಿನ ತುದಿಯನ್ನು ಕಟ್ಟುತ್ತಾರೆ. "ಕಟ್ಟೋದು ಒಂದು ದಿನದ ಕೆಲಸ. ಅದು ಮೂಳೆಗೆ ಹತ್ತಿಕೊಳ್ಳೋಕೆ ಮೂರು ತಿಂಗಳು ಬೇಕು. ಕಸಿ ಕಟ್ಟಿ ಗೊತ್ತಲ್ಲ? ಮಧ್ಯೆ ಅಲ್ಲಾಡಿಸಿದ್ರೆ ಹೋಯ್ತು" ಅಂದರು.

"ಏನಾದರೂ ಕೇಳೋದಿದೆಯಾ?"

ಒಂದೇ ಪ್ರಶ್ನೆ ಇತ್ತು. ಕೇಳಿದೆ. ಹೆಂಡತಿ ಕುರ್ಚಿಯನ್ನು ನನ್ನಿಂದ ಅರ್ಧ ಅಡಿ ದೂರ ಸರಿಸಿಕೊಂಡಳು.

ಆಪರೇಷನ್ ಮುಗಿದು ಎಚ್ಚರವಾದಾಗ ಹಾಸಿಗೆಯಲ್ಲಿ ಯಾರದೋ ಒಂದು ಕೈ ಬಿದ್ದಿತ್ತು. ಕುತ್ತಿಗೆ ಬುಡದಲ್ಲಿ ಇಂಜೆಕ್ಷನ್ ಕೊಟ್ಟು ನರ ಮರಗಟ್ಟಿಸಿದ್ದರು. ಮುಟ್ಟಿ ನೋಡಿದೆ, ಬೆಚ್ಚಗಿತ್ತು, ಅಕ್ಕಿ ಮೂಟೆಯ ಭಾರ ಇತ್ತು. ಪಾಪ, ಯಾರೋ ಮರೆತು ಹೋಗಿದ್ದಾರೆ ಅನ್ನಿಸಿತು. ಮಣಿಕಟ್ಟಿನ ಹತ್ತಿರ ಹಳೇ ಸೈಲೆನ್ಸರ್ ಸುಟ್ಟ ಕಲೆ ಕಂಡ ಮೇಲೆ ನನ್ನದೇ ಅಂತ ಖಾತ್ರಿಯಾಯಿತು.

ಮುಂದಿನ ಆರು ವಾರ ಆ ಕೈ ಒಂದು ಜೋಳಿಗೆಯಲ್ಲಿ. ಬರೀ ಜೋಳಿಗೆಯಲ್ಲ, ಕೈಗೂ ಹೊಟ್ಟೆಗೂ ಮಧ್ಯೆ ಒಂದು ದಿಂಬು. ತಪಾಸಣೆಗೆ ಅಂತ ಬಸ್ಸಿನಲ್ಲಿ ಹೋಗುವಾಗ ಚಳಿಗೆ ಹೆಂಡತಿಯ ಶಾಲು ಹೊದ್ದಿದ್ದೆ. ಪಕ್ಕದಲ್ಲಿ ಕೂತ ಅಜ್ಜಿ ಮಂಡಗದ್ದೆವರೆಗೂ ಸುಮ್ನಿದ್ದು, ಆಮೇಲೆ ಮೆಲ್ಲಗೆ ಕೇಳಿದರು, "ಎಷ್ಟು ತಿಂಗಳಿನ ಕೂಸು?" ನಾನು ಉತ್ತರ ಹುಡುಕುವಷ್ಟರಲ್ಲಿ, "ಮುಖ ಮುಚ್ಚಬಾರದು ಮಗಾ, ಗಾಳಿ ಬೇಕು" ಅಂತ ಶಾಲು ಸರಿಸಿಯೂಬಿಟ್ಟರು. ಮಂಡಗದ್ದೆಯಲ್ಲಿ ತುಂಗೆಯ ನಡುವಿನ ಮರಗಳ ಮೇಲೆಲ್ಲ ಬೆಳ್ಳಕ್ಕಿಗಳು. ಅವು ಎಡ ರೆಕ್ಕೆ ಬಲ ರೆಕ್ಕೆ ಎರಡನ್ನೂ ಹೀಗೆ ಎತ್ತಿ ಹಾಗೆ ಬಡಿಯುವುದನ್ನು ನೋಡಿ ಜೀವನದಲ್ಲಿ ಮೊದಲ ಸಲ ಹಕ್ಕಿಯ ಮೇಲೆ ಹೊಟ್ಟೆಕಿಚ್ಚಾಯಿತು.

ಜೋಳಿಗೆ ಬಿಚ್ಚಿದ ಮೇಲೆ ವ್ಯಾಯಾಮ ಶುರು. ಬಗ್ಗಿ ನಿಂತು ಕೈ ಜೋತುಬಿಟ್ಟು ಗಡಿಯಾರದ ಲೋಲಕದ ಹಾಗೆ ಆಡಿಸಬೇಕು. ಪುಲ್ಲಿಯ ಹಗ್ಗ ಹಿಡಿದು ಒಳ್ಳೆ ಕೈಯಿಂದ ಕೆಟ್ಟ ಕೈಯನ್ನು ಎಳೆಯಬೇಕು. ಪುಲ್ಲಿಗೆ ದುಡ್ಡು ಕೊಡುವುದೇಕೆ ಅಂತ ಹಳೇ ಬಾವಿಯ ರಾಟೆಯನ್ನೇ ಜಗಲಿಯ ತೊಲೆಗೆ ಕಟ್ಟಿದೆ. ಎಳೆದಾಗಲೆಲ್ಲ ಅದು ಕಿರ್ರ್ ಅನ್ನುತ್ತಿತ್ತು. ಹಟ್ಟಿಯಲ್ಲಿದ್ದ ಎಮ್ಮೆ ಅಭ್ಯಾಸಬಲದಿಂದ, ನೀರು ಬಂತು ಅಂತ ಕೂಗುತ್ತಿತ್ತು. ದಿನಕ್ಕೆ ಮೂರು ಸಲ, ಸಲಕ್ಕೆ ಹದಿನೈದು ಎಳೆತ. ಎಮ್ಮೆಗೆ ನನ್ನ ಮೇಲಿದ್ದ ನಂಬಿಕೆ ಒಂದೇ ವಾರದಲ್ಲಿ ಹೋಯಿತು.

ಇನ್ನೊಂದು, ಗೋಡೆಯ ಮೇಲೆ ಬೆರಳು ನಡೆಸುವುದು. ಗೋಡೆಗೆ ಎದುರಾಗಿ ನಿಂತು ಎರಡು ಬೆರಳನ್ನು ಜೇಡದ ಕಾಲಿನ ಹಾಗೆ ಮೇಲೆ ಹತ್ತಿಸಬೇಕು. ಎಲ್ಲಿವರೆಗೆ ಹತ್ತಿತೋ ಅಲ್ಲಿ ಗುರುತು ಹಾಕಬೇಕು. ನಮ್ಮ ನಡುಮನೆಯ ಗೋಡೆಯಲ್ಲಿ ಆಗಲೇ ಗುರುತುಗಳಿದ್ದವು. ಮಗಳನ್ನು ಪ್ರತಿ ಜೂನ್‌ನಲ್ಲಿ ನಿಲ್ಲಿಸಿ, ತಲೆ ಮೇಲೆ ಸ್ಕೇಲ್ ಇಟ್ಟು, ಪೆನ್ಸಿಲ್ ಗೆರೆ ಎಳೆದು ಪಕ್ಕದಲ್ಲಿ ಕ್ಲಾಸು ಬರೆಯುತ್ತಿದ್ದೆವು. ಅದೇ ಗೋಡೆಯಲ್ಲಿ ನಾನೂ ಸೇರಿದೆ. ಮೊದಲ ದಿನ ಬೆರಳುಗಳು ಒಂದನೇ ಕ್ಲಾಸಿನ ಗೆರೆ ಹತ್ತಿರ ಹೋಗಿ, ಅಲ್ಲಿ ಸುಸ್ತಾಗಿ ಕೂತವು. ಮೂರನೇ ಕ್ಲಾಸಿಗೆ ಹತ್ತು ದಿನ ಹಿಡಿಯಿತು. ಐದನೇ ಕ್ಲಾಸಿನಲ್ಲಿ ಎರಡು ವಾರ ಕೂತೆ. ಬೆಂಗಳೂರಿನಿಂದ ಮಗಳು ದಿನಾ ಫೋನ್ ಮಾಡಿ, "ಅಪ್ಪಾ, ಪಾಸಾದ್ಯಾ?" ಅಂತ ಕೇಳುತ್ತಿದ್ದಳು. ಅಡಿಕೆ ಕೊಯ್ಲು ಮುಗಿಯುವ ಹೊತ್ತಿಗೆ ನಾನು ಎಸ್ಸೆಸ್ಸೆಲ್ಸಿ ಮುಟ್ಟಿದ್ದೆ. ಕೊಯ್ಲಿನ ಒಂದು ಗೊನೆಯನ್ನೂ ಮುಟ್ಟಿರಲಿಲ್ಲ, ಅದು ಬೇರೆ ಮಾತು.

ಫೆಬ್ರವರಿಯಲ್ಲಿ ಡಾಕ್ಟರು ಅಂತೂ ಹೂಂ ಅಂದರು. ಒಂದು ಷರತ್ತು. "ಓಡಿಸೋದು ದೊಡ್ಡದಲ್ಲ. ನಿಲ್ಲಿಸುವಾಗ ಗಾಡಿ ವಾಲಿದ್ರೆ ಹಿಡಿಯೋಕೆ ಮಾತ್ರ ಹೋಗಬೇಡಿ. ಬಿದ್ರೆ ಬೀಳಲಿ." ಬುಲೆಟ್ ಇಟ್ಟುಕೊಂಡವನಿಗೆ ಹೇಳುವ ಮಾತಾ ಇದು? ಮಗು ತೊಟ್ಟಿಲಿಂದ ಬೀಳುತ್ತಿದ್ದರೆ ಸುಮ್ನೆ ನೋಡ್ತಾ ಇರಿ ಅಂದ ಹಾಗೆ. ಆದರೆ ಅವರು ಹೇಳಿದ್ದು ಸರಿಯೇ. ನೂರ ಅರವತ್ತು ಕಿಲೋಗೂ ಜಾಸ್ತಿ ತೂಕದ ಕಬ್ಬಿಣವನ್ನು ಒಂದೇ ಎಳೆತಕ್ಕೆ ಹಿಡಿಯಲು ಹೋದರೆ ಕಸಿ ಕಿತ್ತುಬರುತ್ತದೆ.

ಮಾರನೇ ದಿನವೇ ಪ್ಲಾಸ್ಟಿಕ್ ತೆಗೆದೆ. ಹ್ಯಾಂಡಲಿಗೂ ಕನ್ನಡಿಗೂ ಮಧ್ಯೆ ಜೇಡ ಸಂಸಾರ ಹೂಡಿತ್ತು. ಡಬಲ್ ಸ್ಟ್ಯಾಂಡಿನಿಂದ ಇಳಿಸುವಾಗ ಎಡಗೈಯಲ್ಲಿ ಹ್ಯಾಂಡಲ್, ಬಲಗೈಯಲ್ಲಿ ಸೀಟಿನ ಹಿಂದಿನ ಕಂಬಿ. ಮುಂದಕ್ಕೆ ತಳ್ಳಿದೆ. ಇಳಿಯಿತು. ಇಳಿದದ್ದು ಹಾಗೇ ಆ ಕಡೆಗೆ ವಾಲಿತು. ಡಾಕ್ಟರ ಮುಖ ಕಣ್ಣ ಮುಂದೆ ಬಂತು. ಎರಡೂ ಕೈ ಬಿಟ್ಟೆ.

ಪುಣ್ಯಕ್ಕೆ ಆ ಕಡೆ ಅಡಿಕೆ ಸಿಪ್ಪೆಯ ರಾಶಿ ಇತ್ತು. ಬುಲೆಟ್ ಅದರಲ್ಲಿ ಮೆತ್ತಗೆ, ಊಟ ಮಾಡಿ ಮಲಗಿದವರ ಹಾಗೆ ಮಲಗಿತು. ಅಡಿಕೆ ಒಣಗಿಸುತ್ತಿದ್ದ ನಾಲ್ಕು ಜನ ಓಡಿ ಬಂದು ಎತ್ತಿದರು. ಹೆಂಡತಿ ಬಾಗಿಲಲ್ಲಿ ನಿಂತು, "ಡಾಕ್ಟರ್ ಹೇಳಿದ್ರಲ್ಲಿ ಇದೊಂದನ್ನ ಚೆನ್ನಾಗಿ ಪಾಲಿಸಿದ್ರಿ" ಅಂದಳು.

ಸ್ಟಾರ್ಟ್ ಮಾಡುವುದು ಇನ್ನೊಂದು ಪೂಜೆ. ನನ್ನದು ಹಳೇ ಮಾಡೆಲ್. ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ, ಸೆಲ್ಫ್ ಸ್ಟಾರ್ಟ್ ದೇವರಿಗೆ. ಕೀ ಹಾಕಿ ಕಿಕ್ಕರನ್ನು ಮೆಲ್ಲಗೆ ಒತ್ತುತ್ತಾ ಆಂಪಿಯರ್ ಮೀಟರಿನ ಮುಳ್ಳು ನಡುವಿಗೆ ಬರುವುದನ್ನು ಕಾಯಬೇಕು. ಬಂದಾಗ ಎಡಗಡೆಯ, ಇಂಜಿನ್ ಒಳಗಿನ ಒತ್ತಡ ಬಿಡಿಸುವ ಡಿಕಂಪ್ರೆಸರ್ ಲಿವರ್ ಎಳೆದು ಇನ್ನೊಂದು ಚೂರು ಒತ್ತಬೇಕು. ಲಿವರ್ ಬಿಟ್ಟು, ಕಾಲು ಮೇಲೆ ತಂದು, ಪೂರ್ತಿ ತುಳಿಯಬೇಕು. ಇದರಲ್ಲಿ ಒಂದು ತಪ್ಪಿದರೂ ಕಿಕ್ಕರ್ ತಿರುಗಿ ಒದೆಯುತ್ತದೆ. ಏಳನೇ ಸಲಕ್ಕೆ ಡುಗ್ ಡುಗ್ ಅಂದಿತು. ಹಟ್ಟಿಯಲ್ಲಿ ಎಮ್ಮೆ ಕೂಗಲಿಲ್ಲ. ಅದು ನನ್ನ ಯಾವ ಶಬ್ದವನ್ನೂ ನಂಬುತ್ತಿರಲಿಲ್ಲ.

ಇಷ್ಟಾದ ಮೇಲೆ ಓಡಿಸುವುದು ನಿಜಕ್ಕೂ ಸುಲಭ. ಹ್ಯಾಂಡಲ್ ಹಿಡಿದರೆ ಕೈ ಬರುವುದು ಒಂದನೇ ಕ್ಲಾಸಿನ ಗೆರೆಯ ಮಟ್ಟಕ್ಕೆ. ಅದನ್ನು ಯಾವಾಗಲೋ ಪಾಸ್ ಮಾಡಿದ್ದೆನಲ್ಲ! ಕ್ಲಚ್ಚು ಬೆರಳಿನ ಕೆಲಸ, ಹೆಗಲಿಗೆ ಅಷ್ಟು ಸಂಬಂಧವಿಲ್ಲ. ಗುಂಡಿಗಳಿಗೆ ಮಾತ್ರ ಸಂಬಂಧ ಇದೆ. ಮನೆಯಿಂದ ಟಾರ್ ರಸ್ತೆವರೆಗೆ ಎಷ್ಟು ಗುಂಡಿ ಅಂತ ಈಗ ನನ್ನ ಹೆಗಲು ಬಾಯಿಪಾಠ ಒಪ್ಪಿಸುತ್ತದೆ.

ಕಷ್ಟ ಬಂದದ್ದು ನಾನು ಎಣಿಸದೇ ಇದ್ದ ಕಡೆಯಿಂದ. ನಮ್ಮ ಕಡೆ ರಸ್ತೆಯಲ್ಲಿ ಗುರುತಿನವರು ಕಂಡರೆ ಕೈ ಎತ್ತಬೇಕು. ಗಾಡಿಯ ಮೇಲಿದ್ದರೂ ಎತ್ತಬೇಕು. ಬಲಗೈಯಲ್ಲಿ ಎಕ್ಸಲೇಟರ್ ಇರುವುದರಿಂದ ಎಡಗೈಯನ್ನೇ ಎತ್ತುವುದು. ಅದನ್ನು ಹ್ಯಾಂಡಲಿನಿಂದ ಬಿಡಿಸಿ ಮೇಲೆತ್ತಿ ಮತ್ತೆ ಕ್ಲಚ್ಚಿಗೆ ತರಲು ನನಗೆ ನಾಲ್ಕೈದು ಸೆಕೆಂಡ್ ಬೇಕು. ಇಳಿಸುವಾಗ ಅರ್ಧದಲ್ಲಿ ಒಂದು ಕಡೆ ಚುಳ್ ಅಂತ ಹಿಡಿದುಕೊಳ್ಳುತ್ತದೆ. ಅದಕ್ಕೇ ತಲೆ ಆಡಿಸಿ ಮುಂದೆ ಹೋಗುತ್ತಿದ್ದೆ. ಹೆಲ್ಮೆಟ್ಟಿನೊಳಗೆ ತಲೆ ಆಡಿಸಿದ್ದು ಯಾರಿಗೆ ಕಾಣುತ್ತದೆ? ಹದಿನೈದು ದಿನಕ್ಕೆ ಊರಲ್ಲಿ ಹೊಸ ಸುದ್ದಿ. ಆಪರೇಷನ್ ಆದ ಮೇಲೆ ಅವನಿಗೆ ಸೊಕ್ಕು ಬಂದಿದೆ. ಏರಿನ ಅಂಗಡಿ ಭಟ್ಟರಂತೂ ನಾನು ಹೋದರೆ ತಕ್ಕಡಿ ಒರೆಸುವ ನೆಪದಲ್ಲಿ ಮುಖ ತಿರುಗಿಸುತ್ತಿದ್ದರು. ಮೂವತ್ತು ವರ್ಷದ ಸ್ನೇಹ ಕಣ್ರೀ.

ಅಷ್ಟರಲ್ಲಿ ಗೋಡೆಯ ಮೇಲೆ ಬೆರಳುಗಳು ಪಿಯುಸಿ ಗೆರೆ ದಾಟಿದ್ದವು. ಒಂದು ಸಂಜೆ ಹೆಂಡತಿ ಬೆಲ್ಲ ತರಲು ಹೇಳಿದಳು. ಇವತ್ತು ಭಟ್ಟರಿಗೆ ಕೈ ಎತ್ತಿಯೇ ಸೈ ಅಂದುಕೊಂಡು ಹೊರಟೆ. ಏರು ಹತ್ತಿದೆ. ಭಟ್ಟರು ಕಂಡರು. ಎಡಗೈ ಎತ್ತಿದೆ. ಎಂಟನೇ ಕ್ಲಾಸು, ಎಸ್ಸೆಸ್ಸೆಲ್ಸಿ, ಪಿಯುಸಿ, ಅದಕ್ಕೂ ಮೇಲೆ. ಏಳು ತಿಂಗಳಲ್ಲಿ ಅದು ಅಷ್ಟು ಎತ್ತರ ಹೋದದ್ದು ಅದೇ ಮೊದಲು. ಸರಿಯಾಗಿ ಅದೇ ಹೊತ್ತಿಗೆ ಬೇಲಿ ಸಂದಿಯಿಂದ ಒಂದು ಕರು ರಸ್ತೆಗೆ ಹಾರಿತು.

ಬಲಗೈ ಬ್ರೇಕ್ ಹಿಡಿಯಿತು, ಎಡಗಾಲು ಬ್ರೇಕ್ ತುಳಿಯಿತು. ಕ್ಲಚ್ ಹಿಡಿಯಬೇಕಾದ ಕೈ ಇನ್ನೂ ಆಕಾಶದಲ್ಲಿತ್ತು. ಬುಲೆಟ್ ಎರಡು ಸಲ ಬಿಕ್ಕಳಿಸಿ ಆಫ್ ಆಯಿತು. ಕರು ನನ್ನನ್ನು ನೋಡಿತು. ನಾನು ಎರಡೂ ಕಾಲು ಊರಿಕೊಂಡು, ಒಂದು ಕೈ ಮೇಲೆತ್ತಿಕೊಂಡು, ಅದು ಇಳಿಯುವುದನ್ನೇ ಕಾಯುತ್ತಾ ಏರಿನ ನಡುವೆ ನಿಂತಿದ್ದೆ.

ಭಟ್ಟರು ಪಂಚೆ ಎತ್ತಿ ಕಟ್ಟಿಕೊಂಡು ಇಳಿದು ಬಂದರು.

"ಎಂತ ಮಾರಾಯ, ತಳ್ಳಬೇಕಿತ್ತಾ? ಬಾಯಲ್ಲಿ ಕರೆದಿದ್ರೆ ಸಾಕಿತ್ತಲ್ಲ, ಅಷ್ಟು ಎತ್ತರಕ್ಕೆ ಎಂತಕ್ಕೆ ಕೈ ಎತ್ತಿದ್ದು?"

"ಅಲ್ಲ ಭಟ್ರೆ, ನಾನು ನಿಮಗೆ..."

"ಮಾತು ಬೇಡ. ಬಿದ್ದ ಹೆಗಲು, ಕಿಕ್ ಹೊಡೀಬೇಡ. ಇಳುಕಲಿಗೆ ತಿರುಗಿಸು, ಸೆಕೆಂಡ್ ಗೇರಿಗೆ ಹಾಕ್ಕೋ."

ತಿರುಗಿಸಿದೆವು. ಭಟ್ಟರು ಹಿಂದಿನಿಂದ ಹೆಗಲು ಕೊಟ್ಟು ತಳ್ಳಿದರು. ಇಪ್ಪತ್ತು ಮಾರು ಹೋಗುವಷ್ಟರಲ್ಲಿ ಇಂಜಿನ್ ಹಿಡಿಯಿತು. ನಿಲ್ಲಿಸಿದರೆ ಮತ್ತೆ ಆಫ್ ಆದೀತು ಅಂತ ನಿಲ್ಲಿಸಲಿಲ್ಲ. ಕನ್ನಡಿಯಲ್ಲಿ ಭಟ್ಟರು ಏದುಸಿರು ಬಿಡುತ್ತಾ ಕೈ ಎತ್ತಿದ್ದು ಕಂಡಿತು. ನಾನು ಎತ್ತಲಿಲ್ಲ, ಹಾರ್ನ್ ಹೊಡೆದೆ.

ಮನೆಗೆ ಬಂದು ಗಾಡಿಯನ್ನು ಸಿಪ್ಪೆ ರಾಶಿಯ ಪಕ್ಕ ಹುಷಾರಾಗಿ ನಿಲ್ಲಿಸಿದೆ. ಹೆಂಡತಿ ನನ್ನ ಎರಡೂ ಕೈ ನೋಡಿದಳು.

"ಬೆಲ್ಲ ಎಲ್ರೀ?"