ಎಳನೀರಿಗೆ ಕೊಯ್ಯಬೇಕಾ, ಕೊಬ್ಬರಿಗೆ ಬಿಡಬೇಕಾ?

ಪರ: ಎಳನೀರು ಕೊಯ್ಯೋಣ

ತಿಪಟೂರು, ಅರಸೀಕೆರೆ ಕಡೆಯ ರೈತರಿಗೆ ಕೊಬ್ಬರಿ ಮಾಡುವುದನ್ನು ಬಿಡಿ ಅಂತ ಹೇಳುವುದು ಸುಲಭವಲ್ಲ. ಆದರೂ ಲೆಕ್ಕ ಹಾಕಿ ನೋಡಿ. ಎಳನೀರು ಆರೇಳು ತಿಂಗಳಿಗೆ ಕೊಯ್ಲಿಗೆ ಬರುತ್ತದೆ. ಕಾಯಿ ಬಲಿಯಲು ವರ್ಷ ಬೇಕು. ಅದು ಅಟ್ಟದಲ್ಲಿ ಒಣಗಿ ಉಂಡೆ ಕೊಬ್ಬರಿ ಆಗಲು ಮತ್ತೆ ಹತ್ತು ತಿಂಗಳು. ಅಷ್ಟು ಕಾದ ಮೇಲೂ ರೇಟು ಏನಿರುತ್ತೋ ಗೊತ್ತಿಲ್ಲ. 2023ರಲ್ಲಿ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ ಇತ್ತು. ತಿಪಟೂರು ಮಾರುಕಟ್ಟೆಯಲ್ಲಿ ಬೆಲೆ 8,000ದ ಆಸುಪಾಸಿಗೆ ಇಳಿದಿತ್ತು.

ಎಳನೀರಿಗೆ ಈ ಕಾಯುವ ಪಾಡಿಲ್ಲ. ವ್ಯಾಪಾರಿಯೇ ಆಳು ಕರೆತಂದು ಮರ ಹತ್ತಿಸುತ್ತಾನೆ, ಎಣಿಸಿ ದುಡ್ಡು ಕೊಡುತ್ತಾನೆ. ಮರ ಹತ್ತುವವರು, ಕಾಯಿ ಸುಲಿಯುವವರು ಸಿಗದ ಈ ಕಾಲದಲ್ಲಿ ಅದು ದೊಡ್ಡ ಅನುಕೂಲ ಅಲ್ವಾ? ಮದ್ದೂರಿನ ಮಾರುಕಟ್ಟೆಯಿಂದ ಹೊರರಾಜ್ಯಗಳಿಗೂ ಲಾರಿ ಹೋಗುತ್ತವೆ.

ಪೂರ್ತಿ ತೋಟವನ್ನೇ ಎಳನೀರಿಗೆ ಕೊಡಿ ಅಂತ ನಾನು ಹೇಳಲಾರೆ. ನಮ್ಮಲ್ಲೂ ಹಳೇ ಮರಗಳನ್ನು ಕೊಬ್ಬರಿಗೇ ಬಿಟ್ಟಿದ್ದೇವೆ. ಬೇಸಿಗೆಯಲ್ಲಿ ಒಂದು ಭಾಗ ಕೊಯ್ದರೆ ಮನೆ ಖರ್ಚಿಗೆ ಯಾರ ಮುಂದೂ ಕೈ ಚಾಚಬೇಕಾಗಿಲ್ಲ.

ವಿರೋಧ: ಅಟ್ಟ ಖಾಲಿ ಮಾಡಬೇಡಿ

ಎಳನೀರು ಕೊಟ್ಟ ಮೇಲೆ ರೈತನ ಹತ್ತಿರ ಉಳಿಯುವುದು ಏನು? ಮಟ್ಟೆ ಹೋಯಿತು, ಚಿಪ್ಪೂ ಹೋಯಿತು. ಪೇಟೆಯಲ್ಲಿ ಯಾರೋ ಸ್ಟ್ರಾ ಹಾಕಿ ಕುಡಿದು ಎಸೆದ ಬುರುಡೆ ರಸ್ತೆ ಬದಿ ಕೊಳೆಯುತ್ತದೆ. ಅದಕ್ಕಾ ನಾವು ಮರ ಬೆಳೆಸಿದ್ದು? ಕೊಬ್ಬರಿ ಮಾಡಿದರೆ ಮಟ್ಟೆ ನಾರಿನ ಫ್ಯಾಕ್ಟರಿಗೆ, ಚಿಪ್ಪು ಇದ್ದಿಲಿಗೆ. ಎಲ್ಲಕ್ಕೂ ಕಾಸು.

ನಮ್ಮ ಮನೆ ಅಟ್ಟದ ಮಾತು ಹೇಳುತ್ತೇನೆ. ಅವ್ವ ಏಣಿ ಹತ್ತಿ ಒಂದೊಂದೇ ಕಾಯಿಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದಳು. ನೀರಿನ ಸದ್ದು ಬಂದರೆ ವಾಪಸ್ ಇಡುವಳು. ನೀರು ಪೂರ್ತಿ ಇಂಗಿ, ಒಳಗೆ ಗಿಟುಕು ಚಿಪ್ಪಿಗೆ ಬಡಿದು ಲೊಟಲೊಟ ಅಂದರೆ ಮಾತ್ರ ಕೆಳಗಿಳಿಸುವಳು. ಚಿಪ್ಪು ಬಿಡಿಸುವಾಗ ಮಚ್ಚಿನ ಏಟು ಚೂರು ಜಾಸ್ತಿಯಾದರೂ ಗಿಟುಕಿಗೆ ಗಾಯ, ರೇಟಿಗೆ ಹೊಡೆತ. ಅವ್ವ ಸುತ್ತಲೂ ತಟ್ಟಿ ತಟ್ಟಿ ಉಂಡೆಯನ್ನು ಇಡಿಯಾಗಿ ತೆಗೆಯುತ್ತಿದ್ದಳು. ಅಕ್ಕನ ಮದುವೆ ಆದದ್ದು ಆ ಅಟ್ಟದಿಂದ. ಅಪ್ಪನ ಆಪರೇಷನ್ ದುಡ್ಡು ಬಂದದ್ದೂ ಅಲ್ಲಿಂದಲೇ. ಎಳನೀರಿನ ದುಡ್ಡು ಸಂತೆಗೆ ಹೋಗಿ ಬರುವಷ್ಟರಲ್ಲಿ ಮುಗಿಯುತ್ತದೆ.

ಸುಮ್ನೆ 2023ರ ಮಾತನ್ನೇ ಎತ್ತುತ್ತಾರೆ. 2025ರ ಮಾತು ಯಾಕೆ ಎತ್ತಲ್ಲ? ಅದೇ ತಿಪಟೂರಿನಲ್ಲಿ ಕೊಬ್ಬರಿ ಕ್ವಿಂಟಲ್‌ಗೆ 20,000 ದಾಟಿತು. ಅಟ್ಟದಲ್ಲಿ ಕಾಯಿ ಇಟ್ಟವರು ಸಾಲ ತೀರಿಸಿದರು. ಎಳನೀರಿಗೆ ಕೊಟ್ಟ ನಮ್ಮ ಪಕ್ಕದ ತೋಟದವರು ಹಬ್ಬಕ್ಕೆ ಅಂಗಡಿಯಿಂದ ಕಾಯಿ ತಂದರು. ತೆಂಗಿನ ತೋಟದ ಮನೆಗೆ ಅಂಗಡಿ ಕಾಯಿ! ಬಿಳಿನೊಣ, ಕಪ್ಪುತಲೆ ಹುಳುವಿನ ಕಾಟಕ್ಕೆ ಮೊದಲೇ ಇಳುವರಿ ಬಿದ್ದಿತ್ತು. ಉಳಿದದ್ದನ್ನೂ ಎಳಸಾಗಿದ್ದಾಗಲೇ ಇಳಿಸಿದರೆ ಕೊಬ್ಬರಿ ಎಲ್ಲಿಂದ ಬರಬೇಕು?

ಕೊಬ್ಬರಿಗೆ ಬೆಂಬಲ ಬೆಲೆಯಾದರೂ ಇದೆ. 2025ಕ್ಕೆ ಉಂಡೆ ಕೊಬ್ಬರಿಗೆ 12,100 ರೂಪಾಯಿ ಘೋಷಿಸಿದ್ದರು. ಎಳನೀರಿಗೆ ಅಂಥ ಬೆಲೆ ಯಾರು ಕಟ್ಟಿದ್ದಾರೆ? ಮಳೆ ಹಿಡಿದರೆ ವ್ಯಾಪಾರಿ ಫೋನೇ ಎತ್ತಲ್ಲ.

ಈ ಸಲದ ಕಾಯಿ ಅಟ್ಟ ಸೇರಿದೆ. ಮೊನ್ನೆ ಎಳನೀರು ಕೇಳಿಕೊಂಡು ಬಂದ ವ್ಯಾಪಾರಿಗೆ ಮಜ್ಜಿಗೆ ಕೊಟ್ಟು ಕಳಿಸಿದೆವು.