ಸ್ಕೂಟರ್ ಮೀಟರ್ ಬರೆದಿಡುತ್ತಿದ್ದ ಗಂಡ

ಹೆಂಡತಿಯ ಸ್ಕೂಟರ್ ಎಷ್ಟು ಓಡಿದೆ ಅಂತ ದಿನಾ ಬರೆದಿಡುತ್ತಿದ್ದೆ. ಬೆಳಗ್ಗೆ ಒಂದ್ಸಲ, ಸಂಜೆ ಅವಳು ಬಂದು ಮುಖ ತೊಳೆಯೋಕೆ ಹೋದಾಗ ಒಂದ್ಸಲ. ಹಾಲಿನ ಲೆಕ್ಕದ ಪುಸ್ತಕದ ಕೊನೇ ಹಾಳೆಯಲ್ಲಿ. ಆಫೀಸಿಗೆ ಹೋಗಿಬರೋದಕ್ಕೆ 18 ಕಿಲೋಮೀಟರ್. 21 ತೋರಿಸಿದ ರಾತ್ರಿ ಊಟ ಸೇರುತ್ತಿರಲಿಲ್ಲ.

"ಅವನಿಗೆ ನಿನ್ನ ಮೇಲೆ ಪ್ರಾಣ ಕಣೇ" ಅಂತ ನಮ್ಮಮ್ಮ ಅವಳಿಗೆ ಸಮಾಧಾನ ಹೇಳೋರು. ನನಗೂ ಅದೇ ಬೇಕಿತ್ತು. ಸಂಶಯಕ್ಕೆ ಪ್ರೀತಿ ಅಂತ ಹೆಸರಿಟ್ಟರೆ ಎಲ್ಲರಿಗೂ ಅನುಕೂಲ, ಅವಳೊಬ್ಬಳನ್ನು ಬಿಟ್ಟು.

ಕೌನ್ಸೆಲರ್ ಎದುರು ಒಬ್ಬನೇ ಕೂತಾಗ ವಕೀಲನ ಥರ ವಾದಿಸುತ್ತಿದ್ದೆ. ಸಾಕ್ಷಿ ಇತ್ತಲ್ಲ, ಹಾಲಿನ ಪುಸ್ತಕ! ಗ್ರೂಪ್ ಥೆರಪಿಗೆ ಹಾಕಿದ ಮೇಲೆ ಬಾಯಿ ಕಟ್ಟಿತು. 8 ಜನ, ಗುಂಡಗೆ ಹಾಕಿದ ಪ್ಲಾಸ್ಟಿಕ್ ಕುರ್ಚಿಗಳು. ಅಲ್ಲಿ ಆಡಿದ್ದು ಹೊರಗೆ ಹೋಗಬಾರದು ಅನ್ನೋದು ಮೊದಲ ನಿಯಮ, ಹಾಗಾಗಿ ಬೇರೆಯವರ ಕಥೆ ಹೇಳಲ್ಲ. ಮೀಟರ್ ವಿಷಯ ಬಾಯಿಬಿಟ್ಟಾಗ ಯಾರೂ ಛೀ ಅನ್ನಲಿಲ್ಲ. ಒಬ್ಬರು ಕೇಳಿದರು: "ಸರಿಯಾಗಿ 18 ಬಂದ ದಿನ ನಿದ್ದೆ ಬರ್ತಿತ್ತಾ?"

ಇಲ್ಲ. 18 ಬಂದ ದಿನ ಅವಳ ಫೋನ್ ನೋಡುತ್ತಿದ್ದೆ.

ಹುಡುಕಿ ನೋಡಿದಾಗ ಸಿಗೋ ನೆಮ್ಮದಿ ಸ್ವಲ್ಪ ಹೊತ್ತಿನದು, ಸಂಶಯ ಅದನ್ನೇ ತಿಂದು ಬೆಳೆಯುತ್ತೆ. ಅದಕ್ಕೇ ಅಲ್ಲಿ ಹೊಸ ಪುಸ್ತಕ ಕೊಟ್ಟರು. ಬರೆಯಬೇಕಾದ್ದು ಅವಳ ಓಡಾಟ ಅಲ್ಲ, ನನ್ನ ಸಂಕಟ: ಹತ್ತಕ್ಕೆ ಎಷ್ಟು, ಏನೂ ಕೆದಕದೆ ಸುಮ್ಮನೆ ಕೂತರೆ ಎಷ್ಟು ಹೊತ್ತಿಗೆ ಇಳೀತು. ಮೊದಲ ಸಲ 9ರಿಂದ 4ಕ್ಕೆ ಬರೋಕೆ ಮುಕ್ಕಾಲು ಗಂಟೆ ಹಿಡಿಯಿತು. ಬೆವತು ಹೋಗಿದ್ದೆ. ಆಮೇಲೆ ಓದಿದೆ, 1905ರಲ್ಲಿ ಬಾಸ್ಟನ್ನಿನ ಡಾಕ್ಟರ್ ಜೋಸೆಫ್ ಪ್ರ್ಯಾಟ್ ಬಡ ಕ್ಷಯರೋಗಿಗಳನ್ನು ವಾರಕ್ಕೊಮ್ಮೆ ಒಟ್ಟಿಗೆ ಕೂರಿಸಿ, ಅವರವರ ಜ್ವರದ ಲೆಕ್ಕ ಅವರ ಕೈಲೇ ಬರೆಸುತ್ತಿದ್ದರಂತೆ. ಗುಂಪು ಚಿಕಿತ್ಸೆಯ ಬೇರು ಅಲ್ಲಿದೆ. ನಮ್ಮದೂ ಒಂಥರಾ ಜ್ವರವೇ.

ಎಲ್ಲರಿಗೂ ಗುಂಪು ಆಗಿಬರಲ್ಲ. ಏನು ತೋರಿಸಿದರೂ ಅಲುಗದ ಸಂಶಯ, ಅದರಲ್ಲೂ ಕುಡಿತ ಜೊತೆಗಿದ್ದರೆ, ಮೊದಲು ಮನೋವೈದ್ಯರ ಹತ್ತಿರ ಹೋಗಬೇಕು. ಕೈ ಎತ್ತುವವನ ಮನೆಯಲ್ಲಿ ಮೊದಲು ಅವಳ ಸುರಕ್ಷತೆ, ಅವನ ಥೆರಪಿ ಆಮೇಲೆ. ಎಲ್ಲಿಂದ ಶುರುಮಾಡೋದು ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಮೊನ್ನೆ ಅವಳ ಸ್ಕೂಟರ್ ಸರ್ವೀಸಿಗೆ ಬಿಡೋಕೆ ಹೋಗಿದ್ದೆ. ಗ್ಯಾರೇಜ್ ಹುಡುಗ ಚೀಟಿ ಬರೆಯುತ್ತಾ "ಎಷ್ಟು ಓಡಿದೆ ಸಾರ್?" ಅಂದ.

"ನೀನೇ ನೋಡ್ಕೊಳಪ್ಪ" ಅಂದೆ.