ತುಪ್ಪಕ್ಕೆ ಅಡ್ಡ ಹಿಡಿದ ಕೈ

ಊಟದ ಪಂಕ್ತಿಯಲ್ಲಿ ಅಂಥ ಮಹನೀಯರೊಬ್ಬರು ಇದ್ದೇ ಇರುತ್ತಾರೆ. ತುಪ್ಪದ ಗಿಂಡಿ ಹತ್ತಿರ ಬಂದೊಡನೆ "ಸಾಕು, ಸಾಕು" ಎಂದು ಎಲೆಗೆ ಕೈ ಅಡ್ಡ ಹಿಡಿಯುತ್ತಾರೆ. ಬೆರಳುಗಳನ್ನು ಮಾತ್ರ ಅಗಲಿಸಿಕೊಂಡಿರುತ್ತಾರೆ. ಮೂರನೆಯ ಶತಮಾನದ ಚೀನಾದಲ್ಲಿ ಈ ಮಹನೀಯರ ಹೆಸರು ಸಿಮಾ ಝಾವೊ; ಹುದ್ದೆ ಮಹಾಸೇನಾಪತಿ.

ವೇಯ್ ರಾಜ್ಯದ ರಾಜಧಾನಿ ಲುವೊಯಾಂಗಿನ ಸಿಂಹಾಸನದ ಮೇಲೆ ಆಗ ತ್ಸಾವೊ ಮಾವೊ ಎಂಬ ಹುಡುಗನಿದ್ದ. 254ರಲ್ಲಿ ಅವನನ್ನು ಕೂರಿಸಿದವನು ಸಿಮಾ ಝಾವೊನ ಅಣ್ಣ. ಹಿಂದಿನ ಅರಸನನ್ನು ಇಳಿಸಿದವನೂ ಅವನೇ. ಅಣ್ಣ ಸತ್ತಾಗ ಸೈನ್ಯ, ಮಂತ್ರಿಗಳು, ಅರಸ ಎಲ್ಲವೂ ಪಿತ್ರಾರ್ಜಿತ ಗದ್ದೆಯ ಹಾಗೆ ತಮ್ಮನ ಪಾಲಿಗೆ ಬಂದವು. ಅರಸನಿಗೆ ಉಳಿದದ್ದು ಒಂದೇ ಕೆಲಸ: ಮಹಾಸೇನಾಪತಿಗೆ ಉಡುಗೊರೆ ಕೊಡುವುದು.

ಉಡುಗೊರೆಗಳು ಒಂಬತ್ತು. ರಥ, ಉಡುಪು, ವಾದ್ಯ, ಕೆಂಪು ಬಾಗಿಲು, ಮೆಟ್ಟಿಲು, 300 ಕಾವಲುಭಟರು, ಕೊಡಲಿ, ಬಿಲ್ಲುಬಾಣ, ಕೊನೆಗೊಂದು ಗಡಿಗೆ ಹೆಂಡ. ಹತ್ತನೆಯದು ಸಿಂಹಾಸನ, ಅದನ್ನು ಪಟ್ಟಿಯಲ್ಲಿ ಬರೆಯುವ ಪದ್ಧತಿ ಇಲ್ಲ. 213ರಲ್ಲಿ ಇದೇ ಉಡುಗೊರೆಗಳನ್ನು ತ್ಸಾವೊ ಮನೆತನದ ಹಿರಿಯ ತ್ಸಾವೊ ತ್ಸಾವೊ ಹಿಂದಿನ ಹಾನ್ ವಂಶದ ಅರಸನಿಂದ ಪಡೆದಿದ್ದ; 220ರಲ್ಲಿ ಅವನ ಮಗ ಸಿಂಹಾಸನವನ್ನೇ ಪಡೆದ. ಈಗ ಅದೇ ಪಟ್ಟಿ ಅದೇ ಮನೆಯ ಹುಡುಗನ ಕೈಯಿಂದ ಹೊರಟಿತು. 258ರಲ್ಲಿ ಸಿಮಾ ಝಾವೊ ಒಂಬತ್ತು ಬಾರಿ ಬೇಡ ಎಂದನಂತೆ. ಉಡುಗೊರೆಗೆ ಒಂದರಂತೆ ವಿನಯ, ಲೆಕ್ಕ ಸರಿಹೋಯಿತು.

ಮರುವರ್ಷ ಬಾವಿಯಲ್ಲಿ ಅರಸನ ಲಾಂಛನವಾದ ಡ್ರ್ಯಾಗನ್ ಕಂಡಿತೆಂದು ವರದಿ ಬಂತು. ಆಸ್ಥಾನಿಕರು ಶುಭಶಕುನವೆಂದು ಹಿಗ್ಗಿದರು. ಆಕಾಶದಲ್ಲೂ ಇಲ್ಲದೆ ಹೊಲದಲ್ಲೂ ಇಲ್ಲದೆ ಬಾವಿಯಲ್ಲಿ ಬಿದ್ದಿರುವುದು ಯಾವ ಶುಭ ಎಂದು ಹುಡುಗ ಕೇಳಿದ. ಸುಮ್ಮನಿರಲಾರದೆ ಕವಿತೆಯನ್ನೂ ಬರೆದ. ಮಹಾಸೇನಾಪತಿಗೆ ಕವಿತೆ ಹಿಡಿಸಲಿಲ್ಲ. ಚೆನ್ನಾಗಿಯೇ ಅರ್ಥವಾಗಿತ್ತು, ಪಾಪ.

260ರಲ್ಲಿ ಅರಸನ ತಾಳ್ಮೆ ಮುಗಿಯಿತು. "ಸಿಮಾ ಝಾವೊನ ಮನಸ್ಸಿನಲ್ಲಿ ಏನಿದೆ ಎಂಬುದು ದಾರಿಹೋಕರಿಗೂ ಗೊತ್ತು" ಎಂದು ಮೂವರು ಮಂತ್ರಿಗಳ ಮುಂದೆ ಹೇಳಿದ. ಇಬ್ಬರು ನೇರವಾಗಿ ಸಿಮಾ ಝಾವೊನ ಮನೆಗೆ ಓಡಿದರು. ಅರಸ ಕತ್ತಿ ಹಿರಿದು ಅರಮನೆಯ ಆಳುಕಾಳುಗಳನ್ನೇ ಸೇನೆ ಮಾಡಿಕೊಂಡು ಹೊರಟ. ಎದುರು ನಿಂತ ಸೈನಿಕರು ಕೈಮಾಡಲು ಹೆದರಿದಾಗ ಜಿಯಾ ಚೊಂಗ್ ಎಂಬ ಅಧಿಕಾರಿ, ನಿಮಗೆ ಇಷ್ಟು ದಿನ ಅನ್ನ ಹಾಕಿದ್ದು ಇಂಥ ದಿನಕ್ಕೇ ಅಲ್ಲವೇ ಎಂದ. ಚೆಂಗ್ ಜಿ ಎಂಬವನು ಈಟಿಯಿಂದ ತಿವಿದ. ಅರಸನಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ.

ಸುದ್ದಿ ಕೇಳಿದ ಮಹಾಸೇನಾಪತಿ ನೆಲಕ್ಕೆ ಬಿದ್ದು, "ಲೋಕ ನನ್ನನ್ನು ಏನೆಂದೀತು!" ಎಂದು ಗೋಳಾಡಿದ. ಜಿಯಾ ಚೊಂಗನ ತಲೆ ತೆಗೆಯಿರಿ ಎಂದು ಚೆನ್ ತಾಯ್ ಎಂಬ ಹಿರಿಯ ಸಲಹೆ ಕೊಟ್ಟ. ಅದಕ್ಕಿಂತ ಸ್ವಲ್ಪ ಕಡಿಮೆಯದು ಇದ್ದರೆ ಹೇಳು ಎಂದ ಸಿಮಾ ಝಾವೊ. ಇದಕ್ಕಿಂತ ಹೆಚ್ಚಿನದು ಗೊತ್ತು, ಕಡಿಮೆಯದು ಗೊತ್ತಿಲ್ಲ ಎಂದು ಬಂತು ಉತ್ತರ.

ತನಿಖೆಯಂತೂ ಚಕಚಕನೆ ಮುಗಿಯಿತು. ತಪ್ಪು ಸತ್ತವನದೇ, ಸಾಮಾನ್ಯ ಪ್ರಜೆಯಂತೆ ಹೂಳಿರಿ ಎಂದು ರಾಜಮಾತೆಯ ಹೆಸರಿನಲ್ಲಿ ಆಜ್ಞೆ ಹೊರಟಿತು. ಪಾಪ, ರಾಜಕುಮಾರನ ಮರ್ಯಾದೆಯನ್ನಾದರೂ ಕೊಡಿಸಿ ಎಂದು ಬೇಡಿಕೊಂಡವರಲ್ಲಿ ಸಿಮಾ ಝಾವೊನೂ ಇದ್ದ. ರಾಜದ್ರೋಹಕ್ಕೆ ಶಿಕ್ಷೆಯಾದದ್ದು ಚೆಂಗ್ ಜಿಗೆ. ಅವನು ಬೆತ್ತಲೆಯಾಗಿ ಮಾಡಿನ ಮೇಲೆ ಹತ್ತಿ ಬಾಯಿಗೆ ಬಂದಂತೆ ಬೈಯುತ್ತಿದ್ದಾಗ ಕೆಳಗಿನಿಂದ ಬಾಣ ಹೊಡೆದು ಕೆಡವಿದರು. ಅಂದು ಲುವೊಯಾಂಗಿನಲ್ಲಿ ಮನಸ್ಸಿನಲ್ಲಿದ್ದದ್ದನ್ನು ಆಡಿದವನು ಪ್ರಾಯಶಃ ಅವನೊಬ್ಬನೇ.

263ರಲ್ಲಿ ಸಿಮಾ ಝಾವೊ ಒಂಬತ್ತನ್ನೂ ಕೊನೆಗೂ ಸ್ವೀಕರಿಸಿದ. 265ರಲ್ಲಿ ಅವನು ಸತ್ತ ಕೆಲವೇ ತಿಂಗಳಲ್ಲಿ ಮಗ ಹತ್ತನೆಯದನ್ನೂ ತೆಗೆದುಕೊಂಡ, ಜಿನ್ ವಂಶ ಎಂದು ಹೆಸರಿಟ್ಟ.

420ರಲ್ಲಿ ಲಿಯು ಯು ಎಂಬ ಸೇನಾಪತಿ ಇದೇ ಪಟ್ಟಿ ಹಿಡಿದು ಜಿನ್ ವಂಶದ ಕೊನೆಯ ಅರಸನನ್ನು ಇಳಿಸಿದ. ಪದ್ಧತಿ ತಪ್ಪಬಾರದಲ್ಲ, ಸಿಂಹಾಸನ ತನಗೆ ಬೇಡ ಎಂದು ಪತ್ರ ಬರೆದು ಕಳುಹಿಸಿದ. ಅರಸ ಆಗಲೇ ಗಂಟುಮೂಟೆ ಕಟ್ಟಿಕೊಂಡು ಹಳೆಯ ಮನೆಗೆ ಹೊರಟುಹೋಗಿದ್ದ. ಪತ್ರ ತೆಗೆದುಕೊಳ್ಳಲು ಅರಮನೆಯಲ್ಲಿ ಯಾರೂ ಇರಲಿಲ್ಲ.